ನೋವು ಹೋದ ಮೇಲಿನ ತಿಂಗಳುಗಳು



ದತ್ತಿ ಉಪನ್ಯಾಸವೆಂದರೆ ವಚನ, ದಾಸಸಾಹಿತ್ಯ, ಇಲ್ಲವೇ ಧಾರವಾಡದ ಸಂಗೀತ ಪರಂಪರೆ ಎಂದು ಭಾವಿಸಿ ಬಂದವರು ಸಭೆಯಲ್ಲಿರಬಹುದು. ಅವರಿಗೆ ಮೊದಲೇ ಹೇಳಿಬಿಡುತ್ತೇನೆ, ಇವತ್ತಿನ ಮಾತು ಹೆಚ್ಚಾಗಿ ಮೊಣಕಾಲಿನ ಬಗ್ಗೆ. ನನ್ನದು ಫಿಜಿಯೊಥೆರಪಿ ವೃತ್ತಿ. ಆಟದಲ್ಲಿ ಪೆಟ್ಟು ತಿಂದವರನ್ನು ಮತ್ತೆ ನಿಲ್ಲಿಸುವುದು, ನಡೆಸುವುದು, ಓಡಿಸುವುದು ನನ್ನ ಕೆಲಸ. ಈ ಕೆಲಸದಲ್ಲಿ ಮತ್ತೆ ಮತ್ತೆ ಕಂಡ ಒಂದು ಸಂಗತಿಯನ್ನು ನಿಮ್ಮ ಮುಂದಿಡುತ್ತೇನೆ. ಪೆಟ್ಟು ಬಿದ್ದ ದಿನ ಎಲ್ಲರೂ ಓಡಿ ಬರುತ್ತಾರೆ. ಆಪರೇಷನ್ ದಿನ ಆಸ್ಪತ್ರೆಯ ವರಾಂಡದಲ್ಲಿ ನಿಲ್ಲಲು ಜಾಗವಿರುವುದಿಲ್ಲ. ಆಟಗಾರನ ಭವಿಷ್ಯ ತೀರ್ಮಾನವಾಗುವುದು ಅದೆಲ್ಲ ಮುಗಿದ ಮೇಲೆ, ನೋವು ಹೋಗಿದ್ದೂ ಮೈ ಇನ್ನೂ ಸಿದ್ಧವಾಗಿರದ ತಿಂಗಳುಗಳಲ್ಲಿ. ಆ ಹೊತ್ತಿಗೆ ನೋಡಲು ಬರುವವರು ನಿಂತಿರುತ್ತಾರೆ. ಬಂದವರೂ ಕೇಳುವುದು ಒಂದೇ ಪ್ರಶ್ನೆ: "ಯಾವಾಗಿಂದ ಆಡ್ತಿಯಪ್ಪಾ?"

ಈ ವಿಷಯ ಮಾತಾಡಲು ಪುಣೆ ಸರಿಯಾದ ಊರು. 19ನೆಯ ಶತಮಾನದಲ್ಲಿ ಇಲ್ಲಿನ ದಂಡುಪ್ರದೇಶದಲ್ಲಿ ಬ್ರಿಟಿಷ್ ಅಧಿಕಾರಿಗಳು ಆಡುತ್ತಿದ್ದ ಆಟಕ್ಕೆ ಊರಿನ ಹೆಸರೇ ಅಂಟಿ 'ಪೂನಾ' ಎಂದಾಗಿತ್ತು; ಇವತ್ತಿನ ಬ್ಯಾಡ್ಮಿಂಟನ್ ಬೆಳೆದದ್ದು ಅದರಿಂದ. ಇದೇ ಊರಿನಲ್ಲಿ 1994ರ ರಾಷ್ಟ್ರೀಯ ಕ್ರೀಡಾಕೂಟ ನಡೆಯಿತು. ಬಾಲೇವಾಡಿಯ ಕ್ರೀಡಾಸಂಕುಲ ಎದ್ದು ನಿಂತದ್ದು ಆಗಲೇ. ಆ ಕೂಟದಲ್ಲಿ ಆಡುತ್ತಿದ್ದ ಹೈದರಾಬಾದಿನ 20 ವರ್ಷದ ಬ್ಯಾಡ್ಮಿಂಟನ್ ಆಟಗಾರನೊಬ್ಬನ ಮೊಣಕಾಲಿನ ಎ.ಸಿ.ಎಲ್. ಎಂಬ ರಜ್ಜು ಹರಿಯಿತು. ಹೆಸರು ಪುಲ್ಲೇಲ ಗೋಪಿಚಂದ್.

ಆ ಕಾಲದಲ್ಲಿ ಎ.ಸಿ.ಎಲ್. ಹರಿಯಿತು ಅಂದರೆ ನಮ್ಮ ದೇಶದ ಆಟಗಾರನೊಬ್ಬ ಆಟ ಬಿಟ್ಟು ನೌಕರಿ ನೋಡಿಕೊಳ್ಳಬೇಕು ಎಂದೇ ಅರ್ಥ. ಗೋಪಿಚಂದ್ ಬಿಡಲಿಲ್ಲ. ಒಂದಕ್ಕಿಂತ ಹೆಚ್ಚು ಸಲ ಆಪರೇಷನ್ ಟೇಬಲ್ ಮೇಲೆ ಮಲಗಿದರು. ನಮ್ಮ ಕುಂದಾಪುರದ ಕಡೆಯ ಪಡುಕೋಣೆಯ ಪ್ರಕಾಶ್ ಬೆಂಗಳೂರಿನಲ್ಲಿ ಆಗಷ್ಟೇ ಅಕಾಡೆಮಿ ಆರಂಭಿಸಿದ್ದರು. ಗೋಪಿಚಂದ್ ಅಲ್ಲಿಯೂ, ಬೆಂಗಳೂರಿನ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ ಗಂಗೂಲಿ ಪ್ರಸಾದ್ ಅವರ ಬಳಿಯೂ ತಯಾರಾದರು. 1996ರಲ್ಲಿ ಮೊದಲ ಸಲ ರಾಷ್ಟ್ರೀಯ ಚಾಂಪಿಯನ್ ಆದರು. 2000ದವರೆಗೆ ಆ ಪಟ್ಟವನ್ನು ಒಂದು ವರ್ಷವೂ ಬಿಟ್ಟುಕೊಡಲಿಲ್ಲ. 2001ರ ಮಾರ್ಚ್ 11ರಂದು ಬರ್ಮಿಂಗ್‌ಹ್ಯಾಮಿನಲ್ಲಿ ಚೀನಾದ ಚೆನ್ ಹಾಂಗ್ ಅವರನ್ನು 15–12, 15–6ರಿಂದ ಸೋಲಿಸಿ ಆಲ್ ಇಂಗ್ಲೆಂಡ್ ಗೆದ್ದರು. 1980ರಲ್ಲಿ ಪ್ರಕಾಶ್ ಗೆದ್ದ ಮೇಲೆ ಅದನ್ನು ಗೆದ್ದ ಎರಡನೆಯ ಭಾರತೀಯ.

ಈ ಕಥೆಯನ್ನು ನಾವು ಮಕ್ಕಳಿಗೆ ಹೇಗೆ ಹೇಳುತ್ತೇವೆ ಗಮನಿಸಿ. '1994ರಲ್ಲಿ ಪುಣೆಯಲ್ಲಿ ಬಿದ್ದರು, 2001ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಗೆದ್ದರು.' ನಡುವಿನ ಏಳು ವರ್ಷ ಒಂದು ಅಲ್ಪವಿರಾಮದೊಳಗೆ ಅಡಗಿಹೋಗುತ್ತದೆ. ನನ್ನಂಥವರ ಕೆಲಸ ಇರುವುದೆಲ್ಲ ಆ ಅಲ್ಪವಿರಾಮದಲ್ಲಿ. ಹಾಗಾಗಿ ಅಲ್ಲಿ ಏನು ನಡೆಯುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಎ.ಸಿ.ಎಲ್. ಎಂಬುದು ಮೊಣಕಾಲಿನ ಕೀಲಿನೊಳಗೆ ತೊಡೆಯ ಎಲುಬನ್ನೂ ಕಣಕಾಲಿನ ಎಲುಬನ್ನೂ ಓರೆಯಾಗಿ ಹಿಡಿದಿಟ್ಟಿರುವ ಒಂದು ರಜ್ಜು. ನಮ್ಮ ಕಿರುಬೆರಳಿನ ದಪ್ಪವೂ ಇರಲಿಕ್ಕಿಲ್ಲ. ಓಡುತ್ತ ಓಡುತ್ತ ಗಕ್ಕನೆ ನಿಂತು ದಿಕ್ಕು ಬದಲಿಸುವಾಗ, ಎಗರಿ ಒಂಟಿ ಕಾಲಿನ ಮೇಲೆ ಇಳಿಯುವಾಗ ಕಣಕಾಲು ಮುಂದಕ್ಕೆ ಜಾರದಂತೆ, ತಿರುಚದಂತೆ ತಡೆಯುವುದು ಅದೇ. ಕಬಡ್ಡಿ, ಖೋಖೋ, ಫುಟ್ಬಾಲ್, ಬ್ಯಾಡ್ಮಿಂಟನ್, ಕುಸ್ತಿ ಎಲ್ಲದರಲ್ಲೂ ಇರುವುದು ಈ ಎರಡೇ ಚಲನೆ. ಹರಿದ ಕ್ಷಣ 'ಠಪ್' ಎಂದು ಕೇಳಿಸಿತು ಅನ್ನುವವರು ಬಹಳ. ಎದುರಾಳಿ ಮುಟ್ಟಿಯೂ ಇರುವುದಿಲ್ಲ. ಪೂರ್ತಿ ಹರಿದ ರಜ್ಜು ತಾನಾಗಿ ಮತ್ತೆ ಗಟ್ಟಿಯಾಗಿ ಕೂಡಿಕೊಳ್ಳುವುದು ಅಪರೂಪ. ಅದಕ್ಕೇ ರೋಗಿಯದೇ ತೊಡೆಯ ಹಿಂಭಾಗದಿಂದಲೋ ಮೊಣಚಿಪ್ಪಿನ ಕೆಳಗಿನಿಂದಲೋ ಒಂದು ಪಟ್ಟಿ ತೆಗೆದು, ಎಲುಬಿನಲ್ಲಿ ಸುರಂಗ ಕೊರೆದು, ಅದರಲ್ಲಿ ಕೂರಿಸುತ್ತಾರೆ.

ಸಾಮಾನ್ಯವಾಗಿ ಯಾರೂ ಹೇಳದ ಮಾತು ಇನ್ನು ಮುಂದಿನದು. ಕೂರಿಸಿದ ಆ ಪಟ್ಟಿಗೆ ಹೊಸ ಜಾಗದಲ್ಲಿ ಮೊದಮೊದಲು ರಕ್ತದ ಪೂರೈಕೆ ಇರುವುದಿಲ್ಲ. ಅದರೊಳಗಿನ ಹಳೆಯ ಜೀವಕೋಶಗಳು ಸಾಯುತ್ತವೆ, ಹೊಸವು ನಿಧಾನಕ್ಕೆ ಬಂದು ಸೇರುತ್ತವೆ, ನಾರುಗಳು ಮತ್ತೆ ಹೆಣೆದುಕೊಳ್ಳುತ್ತವೆ. ಹೀಗಾಗಿ ಆಪರೇಷನ್ ಆದ ದಿನಕ್ಕಿಂತ ಒಂದೂವರೆ-ಮೂರು ತಿಂಗಳ ಹೊತ್ತಿಗೆ ಆ ಪಟ್ಟಿ ಹೆಚ್ಚು ದುರ್ಬಲವಾಗಿರುತ್ತದೆ. ಅದೇ ಹೊತ್ತಿಗೆ ಊತ ಇಳಿದಿರುತ್ತದೆ, ನೋವು ಹೋಗಿರುತ್ತದೆ, ಊರುಗೋಲು ಮೂಲೆ ಸೇರಿರುತ್ತದೆ, ಹುಡುಗ ಮೆಟ್ಟಿಲನ್ನು ಎರಡೆರಡಾಗಿ ಹಾರತೊಡಗಿರುತ್ತಾನೆ. ಮನೆ ಕಟ್ಟಿಸಿದವರಿಗೆ ಗೊತ್ತು, ಸ್ಲ್ಯಾಬ್ ಹಾಕಿದ ಮರುದಿನವೇ ಮುಟ್ಟಿದರೆ ಗಟ್ಟಿಯಾಗಿಯೇ ಇರುತ್ತದೆ. ಹಾಗಂತ ಸೆಂಟ್ರಿಂಗ್ ಬಿಚ್ಚಿದವನ ಗತಿ ಏನು? ದಿನಾ ನೀರು ಹೊಡೆಯುತ್ತ ಕಾಯಲೇಬೇಕು.

ಎಷ್ಟು ಕಾಯಬೇಕು ಎಂಬುದಕ್ಕೆ ಈಗ ಲೆಕ್ಕವಿದೆ. ನಾರ್ವೆ ಮತ್ತು ಅಮೆರಿಕದ ತಂಡಗಳು ಕೂಡಿ ನಡೆಸಿದ, 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ನಮ್ಮ ವೃತ್ತಿಯ ಪದ್ಧತಿಯನ್ನೇ ಬದಲಿಸಿತು. ಆಪರೇಷನ್ ಆದ ಮೇಲೆ ಒಂಬತ್ತು ತಿಂಗಳವರೆಗೆ, ಆಟಕ್ಕೆ ಮರಳುವುದನ್ನು ಒಂದೊಂದು ತಿಂಗಳು ಮುಂದೂಡಿದಂತೆಲ್ಲ ಮೊಣಕಾಲಿಗೆ ಮತ್ತೆ ಪೆಟ್ಟಾಗುವ ಪ್ರಮಾಣ ಶೇ. 51ರಷ್ಟು ಇಳಿಯುತ್ತ ಹೋಗುತ್ತದೆ ಎಂದು ಅದು ತೋರಿಸಿತು. ಒಂಬತ್ತು ತಿಂಗಳ ಆಚೆ ಕಾಯುವುದರಿಂದ ಅಂಥ ಹೆಚ್ಚುವರಿ ಲಾಭ ಕಾಣಲಿಲ್ಲ. ಆರನೇ ತಿಂಗಳಿಗೆ ಟೂರ್ನಮೆಂಟಿಗೆ ಹೆಸರು ಕೊಟ್ಟ ಮಗನ ಬಗ್ಗೆ ಹೆಮ್ಮೆಪಡುವ ಅಪ್ಪಂದಿರು ಈ ಅಂಕಿಯನ್ನು ಬರೆದಿಟ್ಟುಕೊಳ್ಳಬೇಕು.

ಆ ಒಂಬತ್ತು ತಿಂಗಳು ಮಲಗಿರುವ ತಿಂಗಳುಗಳಲ್ಲ. ಮೊದಲ ವಾರದ ಕೆಲಸ ಹೇಳುತ್ತೇನೆ. ಟವಲನ್ನು ಸುರುಳಿ ಸುತ್ತಿ ಮೊಣಕಾಲ ಕೆಳಗಿಟ್ಟು, ತೊಡೆಯ ಮುಂಭಾಗವನ್ನು ಬಿಗಿಹಿಡಿದು ಆ ಟವಲನ್ನು ಕೆಳಕ್ಕೆ ಒತ್ತಬೇಕು, ಐದು ಎಣಿಸಬೇಕು, ಬಿಡಬೇಕು. ಅಷ್ಟೇ. ನೋಡುವವರಿಗೆ ಇದೇನು ವ್ಯಾಯಾಮ ಅನಿಸುತ್ತದೆ. ಮಾಡುವವನಿಗೆ ಮಾತ್ರ ಬೆವರು ಬರುತ್ತದೆ. ಏಕೆಂದರೆ ಊದಿಕೊಂಡ ಕೀಲು ತೊಡೆಯ ಸ್ನಾಯುವಿಗೆ ಹೋಗುವ ಸಂದೇಶವನ್ನೇ ತಡೆಹಿಡಿದಿರುತ್ತದೆ. ರಾಜ್ಯಮಟ್ಟದ ಕಬಡ್ಡಿ ಆಟಗಾರ, ಮೂವರನ್ನು ಎಳೆದುಕೊಂಡು ಗೆರೆ ಮುಟ್ಟುತ್ತಿದ್ದವನು, ತನ್ನದೇ ತೊಡೆಯನ್ನು ದಿಟ್ಟಿಸಿ ನೋಡುತ್ತಿರುತ್ತಾನೆ. ಅದು ಅಲುಗುವುದಿಲ್ಲ. ಮೊಣಚಿಪ್ಪಿನ ಮೇಲೆ ನಾಲ್ಕು ಬೆರಳು ಬಿಟ್ಟು ಟೇಪು ಹಿಡಿದು ಅಳೆದರೆ ಒಂದು ತೊಡೆ ಇನ್ನೊಂದಕ್ಕಿಂತ ಎರಡು-ಮೂರು ಸೆಂಟಿಮೀಟರು ಸಣ್ಣದಾಗಿರುತ್ತದೆ. ಆ ಮಾಂಸ ಕರಗುವುದು ಎರಡೇ ವಾರದಲ್ಲಿ. ತುಂಬಿಕೊಳ್ಳಲು ಅರ್ಧ ವರ್ಷವೂ ಸಾಲದೆ ಹೋಗಬಹುದು.

ಆಮೇಲೆ ಸೈಕಲ್ಲು, ಅರ್ಧ ಬೈಠಕ್, ಒಂಟಿ ಕಾಲಿನ ಬೈಠಕ್, ಮೆಟ್ಟಿಲು, ನಿಧಾನದ ಓಟ, ಎಗರುವುದು, ಎಗರಿ ಸದ್ದಿಲ್ಲದೆ ಇಳಿಯುವುದು. ಇಳಿಯುವಾಗ ಮೊಣಕಾಲು ಒಳಕ್ಕೆ ವಾಲುತ್ತದೆಯೋ ಎಂದು ಎದುರು ನಿಂತು ನೋಡುತ್ತೇವೆ. ಕೊನೆಗೆ ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದು ಒಂಟಿ ಕಾಲಿನಲ್ಲಿ ಕುಪ್ಪಳಿಸಲು ಹೇಳುತ್ತೇವೆ. ಗಾಯದ ಕಾಲು ಒಳ್ಳೆಯ ಕಾಲಿನ ಶೇ. 90ರಷ್ಟಾದರೂ ದೂರ ಹಾರಬೇಕು. ತೊಡೆಯ ಬಲವೂ ಅಷ್ಟೇ ಇರಬೇಕು. ಕ್ಯಾಲೆಂಡರು ಒಂದು ಪರೀಕ್ಷೆ, ಸೀಮೆಸುಣ್ಣದ ಗೆರೆ ಇನ್ನೊಂದು. ಎರಡೂ ಪಾಸಾಗಬೇಕು.

ಇನ್ನು ನಮ್ಮ ಗಡಿಯ ಹುಡುಗರ ಮಾತಿಗೆ ಬರುತ್ತೇನೆ. ಇಲ್ಲಿ ಕುಳಿತಿರುವ ಅನೇಕರಿಗೆ ಈ ಹುಡುಗರು ಕಣ್ಣಿಗೇ ಬಿದ್ದಿರಲಿಕ್ಕಿಲ್ಲ. ಸಾಂಗ್ಲಿ ಜಿಲ್ಲೆಯ ಜತ್ತ, ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ಕಡೆಯಿಂದ ಪೊಲೀಸ್ ಭರ್ತಿಗೆ, ಸೈನ್ಯದ ಭರ್ತಿಗೆ ತಯಾರಾಗಲು ಪುಣೆಗೆ ಬರುವವರು. ಮನೆಯಲ್ಲಿ ಕನ್ನಡ, ಪುಸ್ತಕದಲ್ಲಿ ಮರಾಠಿ. ಸದಾಶಿವ ಪೇಠೆಯ ಅಭ್ಯಾಸಿಕೆಯಲ್ಲಿ ಹಗಲು ಓದು, ಮೆಸ್ಸಿನಲ್ಲಿ ಎರಡು ಹೊತ್ತು ಊಟ, ನಸುಕಿನಲ್ಲಿ ಓಟ. ಭರ್ತಿಯ 1600 ಮೀಟರ್ ಓಟದಲ್ಲಿ ಓಡಿದ ಸಮಯಕ್ಕೆ ತಕ್ಕ ಅಂಕ. ಊರಲ್ಲಿ ಹೊಲದ ಕೆಲಸ ಬಿಟ್ಟರೆ ಓಡಿ ಅಭ್ಯಾಸವಿಲ್ಲದವನು ಇಲ್ಲಿ ಬಂದ ಮೊದಲ ವಾರದಿಂದಲೇ ಡಾಂಬರು ರಸ್ತೆಯ ಮೇಲೆ, ಅಡಿ ಸವೆದ ಬೂಟಿನಲ್ಲಿ, ದಿನಾ ಓಡತೊಡಗುತ್ತಾನೆ. ಎರಡನೇ ತಿಂಗಳಿಗೆ ಕಣಕಾಲಿನ ಒಳಮಗ್ಗುಲು ನೋಯತೊಡಗುತ್ತದೆ.

ಇದು ಒಂದು ಕ್ಷಣದಲ್ಲಿ ಬೀಳುವ ಪೆಟ್ಟಲ್ಲ. ಎಲುಬು ಜೀವಂತ ವಸ್ತು. ಹೊಸ ಭಾರ ಬಿದ್ದಾಗ ಅದು ಮೊದಲು ತನ್ನ ಹಳೆಯ ಪದರವನ್ನು ಕರಗಿಸಿ, ಆಮೇಲೆ ಗಟ್ಟಿ ಪದರ ಕಟ್ಟುತ್ತದೆ. ಕರಗಿಸುವುದು ಬೇಗ, ಕಟ್ಟುವುದು ತಡ. ನಡುವಿನ ಆ ವಾರಗಳಲ್ಲಿ ಎಲುಬು ಮೊದಲಿಗಿಂತಲೂ ಮೃದುವಾಗಿರುತ್ತದೆ. ಆಗಲೂ ಓಟ ನಿಲ್ಲಿಸದಿದ್ದರೆ ಸಣ್ಣ ಬಿರುಕು ಬಿಡುತ್ತದೆ. ಇದೇನೂ ಹೊಸ ರೋಗವಲ್ಲ, 1855ರಲ್ಲೇ ಪ್ರಷ್ಯಾದ ಸೇನಾವೈದ್ಯ ಬ್ರೈಟ್‌ಹೌಪ್ಟ್ ಕವಾಯತು ಮಾಡಿ ಮಾಡಿ ಪಾದ ಊದಿಸಿಕೊಂಡ ಸೈನಿಕರ ಬಗ್ಗೆ ಬರೆದಿದ್ದ. ಮೊದಲ ಎರಡು-ಮೂರು ವಾರ ಎಕ್ಸ್-ರೇಯಲ್ಲಿ ಈ ಬಿರುಕು ಕಾಣದಿರಬಹುದು. 'ಎಕ್ಸ್-ರೇ ನಾರ್ಮಲ್ ಐತಿ' ಎಂದು ಹುಡುಗ ಮತ್ತೆ ಓಡುತ್ತಾನೆ. ನಾವು ಬೆರಳಿಟ್ಟು ನೋಡುತ್ತೇವೆ. ನೋವು ಗೇಣುದ್ದ ಹರಡಿಕೊಂಡಿದ್ದರೆ ಸ್ವಲ್ಪ ಸಮಾಧಾನ. ಒಂದೇ ಕಡೆ, ನಾಣ್ಯದಷ್ಟು ಜಾಗದಲ್ಲಿ, ಒತ್ತಿದರೆ ಕಾಲು ಸೆಳೆದುಕೊಳ್ಳುವ ಹಾಗಿದ್ದರೆ ಓಟ ಅಲ್ಲಿಗೆ ನಿಲ್ಲಬೇಕು.

ಅಂಥ ಒಬ್ಬ ಹುಡುಗ ಕೆಲವು ವಾರ ವಿಶ್ರಾಂತಿ ಪಡೆದು ಬಂದು ಕೇಳಿದ: "ಈಗೇನ್ ಬ್ಯಾನಿ ಇಲ್ರಿ ಸರ್, ಓಡ್ಲೇನ್ರಿ?" ಭರ್ತಿಯ ತಾರೀಖು ಬಂದಿತ್ತು. ವಯಸ್ಸಿನ ಮಿತಿ ದಾಟುವ ಮುನ್ನ ಅವನಿಗೆ ಅದೊಂದೇ ಭರ್ತಿ ಉಳಿದಿತ್ತು. ಅಪ್ಪ ಸಾಲ ಮಾಡಿ ಕಳಿಸಿದ್ದ. ಅವನಿಗೆ ವೈದ್ಯಶಾಸ್ತ್ರದ ಪಾಠ ಹೇಳಿ ಏನು ಪ್ರಯೋಜನ? ನಾವಿಬ್ಬರೂ ಕುಳಿತು ಒಂದು ಲೆಕ್ಕ ಹಾಕಿದೆವು. ಒಂದು ದಿನ ಓಟ, ಒಂದು ದಿನ ಬಿಡುವು. ಮೊದಲು ಮಣ್ಣಿನ ನೆಲ. ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಮೆಸ್ಸಿನ ಊಟದ ಜೊತೆ ಮೊಟ್ಟೆ, ಶೇಂಗಾ, ಹಾಲು. ಬೂಟು ಬದಲಿಸಿದ್ದಾಯಿತು. ಅವನು ಆ ಭರ್ತಿಯಲ್ಲಿ ಪಾಸಾಗಲಿಲ್ಲ. ಕಾಲು ಉಳಿಯಿತು, ನೌಕರಿ ಸಿಗಲಿಲ್ಲ. ನಮ್ಮ ವೃತ್ತಿಯಲ್ಲಿ ಇಂಥ ಫಲಿತಾಂಶಗಳೂ ಇವೆ, ಮರೆಮಾಚುವುದು ಬೇಡ. ಅವನು ಹತ್ತು ವಾರ ಮೊದಲು ಬಂದಿದ್ದರೆ ಎರಡೂ ಉಳಿಯುತ್ತಿದ್ದವು ಎಂದು ಮಾತ್ರ ನನಗೆ ಖಾತ್ರಿಯಿದೆ.

ಹಿಂಜೆವಾಡಿಯ ಐಟಿ ಬಂಧುಗಳದ್ದು ಬೇರೆ ಕಥೆ. ವಾರಪೂರ್ತಿ ಕುರ್ಚಿ, ಶನಿವಾರ ರಾತ್ರಿ ಟರ್ಫ್ ಮೇಲೆ ಕ್ರಿಕೆಟ್. ನಲವತ್ತರ ಆಸುಪಾಸಿನವರು ರನ್ನಿಗೆ ಓಡಲು ಕಾಲೆತ್ತುತ್ತಲೇ ಬಿದ್ದು, 'ಹಿಂದಿನಿಂದ ಯಾರೋ ಒದ್ದರು' ಎಂದು ತಿರುಗಿ ನೋಡುತ್ತಾರೆ. ಹಿಂದೆ ಯಾರೂ ಇರುವುದಿಲ್ಲ. ಹಿಮ್ಮಡಿಯ ಮೇಲಿನ ಅಕಿಲೀಸ್ ರಜ್ಜು ಹರಿದಿರುತ್ತದೆ. ಅವರಿಗೆ ನನ್ನ ಸಲಹೆ ಚಿಕ್ಕದು: ವಾರದಲ್ಲಿ ಎರಡು ದಿನವಾದರೂ ಮೀನಖಂಡಕ್ಕೆ ಕೆಲಸ ಕೊಡಿ, ಶನಿವಾರ ಆಡಿ.

ಈಗ ಒಂದು ಅಪ್ರಿಯ ಮಾತು. ನೋವು ನುಂಗಿ ಆಡಿದವರನ್ನು ನಾವು ಅತಿಯಾಗಿ ಹೊಗಳುತ್ತೇವೆ. 2002ರ ಮೇ ತಿಂಗಳಲ್ಲಿ ಆಂಟಿಗಾದಲ್ಲಿ ಮರ್ವಿನ್ ಡಿಲ್ಲನ್ ಎಸೆತ ಬಡಿದು ಅನಿಲ್ ಕುಂಬ್ಳೆ ಅವರ ದವಡೆ ಮುರಿದದ್ದು, ತಲೆಗೂ ಗದ್ದಕ್ಕೂ ಬ್ಯಾಂಡೇಜು ಕಟ್ಟಿಕೊಂಡು 14 ಓವರ್ ಬೌಲ್ ಮಾಡಿ ಬ್ರಯಾನ್ ಲಾರಾ ಅವರನ್ನು ಔಟ್ ಮಾಡಿದ್ದು ಯಾವ ಕನ್ನಡಿಗನಿಗೆ ಗೊತ್ತಿಲ್ಲ? ಆ ಚಿತ್ರ ನಮ್ಮ ಶಾಲೆಗಳ ಗೋಡೆಯ ಮೇಲಿದೆ. ಅದಾದ ಕೂಡಲೇ ಅವರು ಸರಣಿ ಬಿಟ್ಟು ಬೆಂಗಳೂರಿಗೆ ಬಂದು ಆಪರೇಷನ್ ಮಾಡಿಸಿಕೊಂಡದ್ದು ಗೋಡೆಯ ಮೇಲಿಲ್ಲ. ಅದಕ್ಕೂ ಮುಖ್ಯವಾದದ್ದು ಒಂದು ವರ್ಷ ಹಿಂದಿನದು. 2001ರಲ್ಲಿ ಆಸ್ಟ್ರೇಲಿಯ ಬಂದಾಗ, ಕೋಲ್ಕತಾದ ಆ ಪ್ರಸಿದ್ಧ ಟೆಸ್ಟ್ ನಡೆದಾಗ, ಕುಂಬ್ಳೆ ತಂಡದಲ್ಲಿರಲಿಲ್ಲ. ಭುಜದ ಆಪರೇಷನ್ ಆಗಿ ಮನೆಯಲ್ಲಿದ್ದರು. ಬೌಲರನಿಗೆ ಭುಜವೆಂದರೆ ಅನ್ನದ ತಟ್ಟೆ. ದೇಶವೆಲ್ಲ ಹರಭಜನ್ ಹೆಸರು ಜಪಿಸುತ್ತಿದ್ದಾಗ ಅವರು ಸುಮ್ಮನೆ ಭುಜ ಗಟ್ಟಿ ಮಾಡಿಕೊಳ್ಳುತ್ತಿದ್ದರು. ಅವರ 619 ಟೆಸ್ಟ್ ವಿಕೆಟುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬಂದದ್ದು ಆ ಆಪರೇಷನ್ ನಂತರ. ಮಕ್ಕಳಿಗೆ ದವಡೆಯ ಕಥೆ ಹೇಳುವ ಮೇಷ್ಟ್ರು ಭುಜದ ಕಥೆಯನ್ನೂ ಹೇಳಲಿ.

ಪುಣೆಯ ಕೇದಾರ್ ಜಾಧವ್ ಅವರ ಉದಾಹರಣೆಯೂ ಇದೆ. 2018ರ ಏಪ್ರಿಲ್‌ನಲ್ಲಿ ಐಪಿಎಲ್‌ನ ಮೊದಲ ಪಂದ್ಯದಲ್ಲೇ ಹ್ಯಾಮ್‌ಸ್ಟ್ರಿಂಗ್, ಅಂದರೆ ತೊಡೆಯ ಹಿಂಭಾಗದ ಸ್ನಾಯು, ಕೈಕೊಟ್ಟಿತು. ಕುಂಟುತ್ತ ಮತ್ತೆ ಬಂದು ಚೆನ್ನೈಗೆ ಗೆಲುವು ತಂದುಕೊಟ್ಟರು, ಆ ಋತುವಿನ ಉಳಿದ ಪಂದ್ಯಗಳೆಲ್ಲ ತಪ್ಪಿದವು. ಸೆಪ್ಟೆಂಬರ್ 28ರಂದು ದುಬೈಯಲ್ಲಿ ಏಷ್ಯಾ ಕಪ್ ಫೈನಲ್. ಅಲ್ಲಿಯೂ ಕೈಕೊಟ್ಟದ್ದು ಹ್ಯಾಮ್‌ಸ್ಟ್ರಿಂಗ್. ಹೊರಗೆ ಹೋಗಿ, ಮತ್ತೆ ಬಂದು, ಕೊನೆಯ ಎಸೆತದಲ್ಲಿ ಗೆಲುವಿನ ರನ್ ಓಡಿದರು. ಆ ರನ್ನನ್ನು ನಾನೂ ಎದ್ದು ನಿಂತು ನೋಡಿದವನೇ. ಆದರೆ ನಮ್ಮ ಶಾಸ್ತ್ರದಲ್ಲಿ ಅಲುಗಾಡದ ಸತ್ಯವೊಂದಿದೆ: ಹ್ಯಾಮ್‌ಸ್ಟ್ರಿಂಗ್ ಹರಿಯುವ ಅಪಾಯ ಎಲ್ಲರಿಗಿಂತ ಹೆಚ್ಚು ಇರುವುದು ಹಿಂದೊಮ್ಮೆ ಹರಿದುಕೊಂಡವನಿಗೆ. ದೇಶದ ಫೈನಲ್‌ನಲ್ಲಿ ವೃತ್ತಿಪರ ಆಟಗಾರ, ವೈದ್ಯ ತಂಡದ ಕಣ್ಣೆದುರು, ತಿಳಿದು ತೆಗೆದುಕೊಂಡ ಅಪಾಯ ಅದು. ತಾಲ್ಲೂಕು ಮಟ್ಟದ ಪಂದ್ಯದಲ್ಲಿ ಹದಿನಾಲ್ಕರ ಹುಡುಗನಿಗೆ ನೋವಿನ ಸ್ಪ್ರೇ ಹೊಡೆದು 'ಹೋಗೋ, ಏನಾಗಲ್ಲ' ಎಂದು ಒಳಗೆ ಕಳಿಸುವುದು ಅದರ ನಕಲಲ್ಲ, ಬೇಜವಾಬ್ದಾರಿ.

ನಮ್ಮ ಗರಡಿಯ ವಸ್ತಾದರ ಬಗ್ಗೆ ನನಗೆ ಗೌರವವಿದೆ. ಕೆಮ್ಮಣ್ಣಿಗೆ ಮಜ್ಜಿಗೆ, ಅರಿಶಿನ, ಎಣ್ಣೆ ಬೆರೆಸಿ ಅಖಾಡ ಹದ ಮಾಡುವುದು ಪೈಲವಾನನ ಮೈ ಕಾಯುವ ತಿಳುವಳಿಕೆಯೇ. ಹುಡುಗ ಕಾಲು ಊರುವ ರೀತಿ ನೋಡಿಯೇ ಸೊಂಟದ ನೋವು ಹೇಳುವ ವಸ್ತಾದರನ್ನು ಬೆಳಗಾವಿ ಕಡೆ ಕಂಡಿದ್ದೇನೆ. ಆದರೆ ಕೀಲು ಊದಿದ ಮೊದಲ ದಿನವೇ ಬಿಸಿ ಎಣ್ಣೆ ಹಾಕಿ ತಿಕ್ಕುವುದು, ಉಳುಕು ತೆಗೆಯುತ್ತೇನೆಂದು ಜಗ್ಗುವುದು ಬೇಡ. ಒಳಗೆ ರಕ್ತ ಸುರಿಯುತ್ತಿರುವಾಗ ತಿಕ್ಕಿದರೆ ಊತ ಏರುತ್ತದೆ. ಪುತ್ತೂರು ಕಟ್ಟು ಹಾಕಿಸಿಕೊಂಡು ಬರುವವರಿಗೂ ಅದೇ ಮಾತು: ಕಟ್ಟುವ ಮೊದಲು ಎಕ್ಸ್-ರೇ ತೆಗೆಸಿ, ಬೆರಳು ಮರಗಟ್ಟಿದರೆ ಆ ಕ್ಷಣವೇ ಬಿಚ್ಚಿಸಿ. ಆಧುನಿಕರೂ ತಿದ್ದಿಕೊಳ್ಳುತ್ತಲೇ ಇದ್ದೇವೆ. ವಿಶ್ರಾಂತಿ, ಮಂಜುಗಡ್ಡೆ, ಬಿಗಿಪಟ್ಟಿ, ಕಾಲು ಎತ್ತರ ಎಂಬ ಸೂತ್ರವನ್ನು 1978ರಲ್ಲಿ ಕೊಟ್ಟ ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ ಅವರೇ 2014ರಲ್ಲಿ, ಮಂಜುಗಡ್ಡೆಯೂ ಪೂರ್ಣ ವಿಶ್ರಾಂತಿಯೂ ಗಾಯ ಮಾಯುವುದನ್ನು ನಿಧಾನಗೊಳಿಸಬಹುದು ಎಂದು ತಿದ್ದಿ ಬರೆದರು. ನೋವು ತಗ್ಗಿಸಲು ಸ್ವಲ್ಪ ಹೊತ್ತು ಇಡಿ, ತಪ್ಪಿಲ್ಲ. ದಿನವಿಡೀ ಬೇಡ.

ಮೈಯ ವಿಷಯ ಇಷ್ಟಾಯಿತು. ಮನಸ್ಸಿನದು ಇದಕ್ಕಿಂತ ಕಷ್ಟ. 2014ರಲ್ಲಿ ಪ್ರಕಟವಾದ, ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ಪರಿಶೀಲನೆಯೊಂದರ ಪ್ರಕಾರ ಎ.ಸಿ.ಎಲ್. ಆಪರೇಷನ್ ಆದವರಲ್ಲಿ ಶೇ. 81 ಮಂದಿ ಯಾವುದಾದರೂ ಆಟಕ್ಕೆ ಮರಳುತ್ತಾರೆ, ತಮ್ಮ ಹಳೆಯ ಮಟ್ಟಕ್ಕೆ ಮರಳುವವರು ಶೇ. 65, ಸ್ಪರ್ಧೆಗೆ ಮರಳುವವರು ಶೇ. 55 ಮಾತ್ರ. ಉಳಿದವರಲ್ಲಿ ಎಷ್ಟೋ ಜನರ ಮೊಣಕಾಲಿಗೆ ಯಾವ ಕೊರತೆಯೂ ಇರುವುದಿಲ್ಲ. ಹೆದರಿಕೆ ಇರುತ್ತದೆ. ಸೀಮೆಸುಣ್ಣದ ಗೆರೆ ದಾಟುವ ಹುಡುಗಿ ಅದೇ ಅಂಕಣದ ಅದೇ ಮೂಲೆಗೆ ಬಂದಾಗ ಕಾಲು ಹಿಂದೆಳೆಯುತ್ತಾಳೆ. ಅದನ್ನು ಪುಕ್ಕಲುತನ ಎನ್ನಬೇಡಿ. ಹೆದರಿಕೆಯನ್ನೂ ತೊಡೆಯ ಸ್ನಾಯುವಿನ ಹಾಗೆ ಸ್ವಲ್ಪ ಸ್ವಲ್ಪವೇ ಕೆಲಸ ಕೊಟ್ಟು ಪಳಗಿಸಬೇಕು. ಮೊದಲು ಒಬ್ಬಳೇ ಶಟಲ್ ಹೊಡೆಯಲಿ, ಆಮೇಲೆ ಗೊತ್ತಿರುವ ಗೆಳತಿಯ ಜೊತೆ, ಆಮೇಲೆ ಅರ್ಧ ಅಂಕಣ. ಈ ಅವಧಿಯಲ್ಲಿ ತಂಡದಿಂದ ದೂರವಾಗುವುದೇ ದೊಡ್ಡ ಪೆಟ್ಟು. ಕೋಚುಗಳಿಗೆ ನನ್ನ ಬೇಡಿಕೆ: ಗಾಯಾಳುವನ್ನು ಮನೆಗೆ ಕಳಿಸಬೇಡಿ, ಅಂಕ ಬರೆಯಲು ಕೂರಿಸಿ, ಕಿರಿಯರಿಗೆ ಸರ್ವಿಸ್ ಕಲಿಸಲು ಹಚ್ಚಿ.

ಸ್ಪೇನಿನ ಬ್ಯಾಡ್ಮಿಂಟನ್ ಆಟಗಾರ್ತಿ ಕರೋಲಿನಾ ಮರಿನ್ ಅವರನ್ನು ನೆನೆಯುತ್ತೇನೆ. 2019ರ ಜನವರಿಯಲ್ಲಿ ಜಕಾರ್ತದ ಫೈನಲ್‌ನಲ್ಲಿ ನಮ್ಮ ಸೈನಾ ಎದುರು ಆಡುವಾಗ ಬಲ ಮೊಣಕಾಲು ಹೋಯಿತು, ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಚೀನಾ ಓಪನ್ ಗೆದ್ದರು. 2021ರಲ್ಲಿ ಎಡ ಮೊಣಕಾಲು ಹೋಗಿ ಟೋಕಿಯೊ ಒಲಿಂಪಿಕ್ಸ್ ತಪ್ಪಿತು. 2024ರ ಪ್ಯಾರಿಸ್ ಸೆಮಿಫೈನಲ್‌ನಲ್ಲಿ ಮೊದಲ ಗೇಮ್ ಗೆದ್ದು, ಎರಡನೆಯದರಲ್ಲಿ ಮುಂದಿದ್ದಾಗ ಬಲ ಮೊಣಕಾಲು ಮತ್ತೊಮ್ಮೆ ಹೋಯಿತು. ಎಲ್ಲ ಸರಿಯಾಗಿ ಮಾಡಿದವರಿಗೂ ಹೀಗಾಗುತ್ತದೆ. ಪ್ರಯತ್ನಪಟ್ಟರೆ ಎಲ್ಲರೂ ಗೋಪಿಚಂದ್ ಆಗಬಹುದು ಎಂದು ನಾನು ಯಾವ ರೋಗಿಗೂ ಹೇಳಿಲ್ಲ, ಈ ವೇದಿಕೆಯಿಂದಲೂ ಹೇಳುವುದಿಲ್ಲ.

ಮರಳಲಾಗದವರಿಗೆ ಏನು ದಾರಿ? ಅದಕ್ಕೂ ಪುಣೆಯೇ ಉತ್ತರ ಕೊಟ್ಟಿದೆ. ಸಾಂಗ್ಲಿ ಜಿಲ್ಲೆಯ ಮುರಳಿಕಾಂತ ಪೇಟ್ಕರ್ ಸೈನ್ಯದಲ್ಲಿ ಬಾಕ್ಸರ್ ಆಗಿದ್ದವರು. 1965ರ ಯುದ್ಧದಲ್ಲಿ ಗುಂಡು ತಗುಲಿ ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಅದು ಆಟದ ಗಾಯವಲ್ಲ ನಿಜ, ಚಿಕಿತ್ಸೆಯಾಗಿ ಬಂದದ್ದು ಮಾತ್ರ ಆಟ. ನೀರಿಗಿಳಿಸಿದರು, ಈಜತೊಡಗಿದರು. 1972ರಲ್ಲಿ ಹೈಡೆಲ್‌ಬರ್ಗ್ ಪ್ಯಾರಾಲಿಂಪಿಕ್ಸ್‌ನ 50 ಮೀಟರ್ ಫ್ರೀಸ್ಟೈಲ್‌ನಲ್ಲಿ 37.33 ಸೆಕೆಂಡಿನ ವಿಶ್ವದಾಖಲೆಯೊಂದಿಗೆ ಚಿನ್ನ ಗೆದ್ದರು. ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ಚಿನ್ನ ಅದು. ಆಮೇಲೆ ಈ ಪುಣೆಯಲ್ಲೇ ನೌಕರಿ, ಸಂಸಾರ. ಸರ್ಕಾರ ಅವರಿಗೆ ಪದ್ಮಶ್ರೀ ಕೊಟ್ಟದ್ದು 2018ರಲ್ಲಿ, 46 ವರ್ಷ ಕಳೆದ ಮೇಲೆ. ಅವರ ಕಥೆ ಸಿನಿಮಾ ಆದ ಮೇಲೆ ಈಗ ಎಲ್ಲರಿಗೂ ಗೊತ್ತು.

ನಮ್ಮ ನಾಡಿನಲ್ಲಿ ಗಾಯಾಳುಗಳನ್ನು ಕಾಯುವ ವ್ಯವಸ್ಥೆ ಈಗ ಮೊದಲಿಗಿಂತ ಎಷ್ಟೋ ಸುಧಾರಿಸಿದೆ. 2019ರ ಮೇ ತಿಂಗಳಲ್ಲಿ ಮೊಣಕೈ ಆಪರೇಷನ್ ಮಾಡಿಸಿಕೊಂಡ ಜಾವೆಲಿನ್ ಎಸೆತಗಾರ ನೀರಜ್ ಚೋಪ್ರಾ ಚೇತರಿಸಿಕೊಂಡದ್ದು ನಮ್ಮ ಬಳ್ಳಾರಿ ಜಿಲ್ಲೆಯ ವಿಜಯನಗರದ ಕ್ರೀಡಾಸಂಸ್ಥೆಯಲ್ಲಿ. 2020ರ ಜನವರಿಯಲ್ಲಿ ದಕ್ಷಿಣ ಆಫ್ರಿಕಾದಲ್ಲಿ 87.86 ಮೀಟರ್ ಎಸೆದು ಟೋಕಿಯೊಗೆ ಅರ್ಹತೆ ಪಡೆದರು. ಮುಂದಿನದು ನಿಮಗೆ ಗೊತ್ತು. ಪುಣೆಯ ಸೇನಾ ಕ್ರೀಡಾಸಂಸ್ಥೆಯ ಮೈದಾನಕ್ಕೆ ಈಗ ಅವರದೇ ಹೆಸರು. ಮಂಗಳೂರಿನ ಕೆ. ಎಲ್. ರಾಹುಲ್ 2023ರ ಮೇ 1ರಂದು ತೊಡೆ ಹರಿದುಕೊಂಡು, ಲಂಡನ್ನಿನಲ್ಲಿ ಆಪರೇಷನ್ ಆಗಿ, ಬೆಂಗಳೂರಿನ ಕ್ರಿಕೆಟ್ ಅಕಾಡೆಮಿಯಲ್ಲಿ ತಯಾರಾಗಿ, ಸೆಪ್ಟೆಂಬರ್‌ನಲ್ಲಿ ಕೊಲಂಬೊದಲ್ಲಿ ಪಾಕಿಸ್ತಾನದ ವಿರುದ್ಧ 111 ರನ್ ಗಳಿಸಿ ಔಟಾಗದೆ ಉಳಿದರು. ಇವರ ಬೆನ್ನಿಗೆ ಸಂಸ್ಥೆಗಳಿದ್ದವು, ದಿನಾ ಕಾಲು ಅಳೆಯುವವರಿದ್ದರು, 'ಇವತ್ತು ಬೇಡ' ಎನ್ನುವವರಿದ್ದರು. ಜತ್ತದ ಹುಡುಗನಿಗೆ ಯಾರಿದ್ದಾರೆ?

ಹಾಗಾಗಿ ಈ ಊರಿನ ಕನ್ನಡ ಸಂಘಟನೆಗಳವರಲ್ಲಿ, ಶಾಲೆ ನಡೆಸುವವರಲ್ಲಿ, ಕ್ರೀಡಾಕೂಟ ಏರ್ಪಡಿಸುವವರಲ್ಲಿ ಕೇಳಿಕೊಳ್ಳುವುದು ಇಷ್ಟು. ಮುಂದಿನ ಕೂಟದ ಖರ್ಚಿನ ಪಟ್ಟಿಯಲ್ಲಿ ಶಾಲು, ಹಾರ, ಸ್ಮರಣಿಕೆಗಳ ಜೊತೆ ಒಬ್ಬ ಫಿಜಿಯೊಥೆರಪಿಸ್ಟಿನ ದಿನದ ಸಂಭಾವನೆಯನ್ನೂ ಬರೆಯಿರಿ. ಪ್ರವೇಶ ಅರ್ಜಿಯಲ್ಲಿ 'ಕಳೆದ ಒಂದು ವರ್ಷದಲ್ಲಿ ಗಾಯವಾಗಿದೆಯೇ' ಎಂಬ ಒಂದು ಸಾಲು ಸೇರಿಸಿ, ಹೌದು ಎಂದವನನ್ನು ಗೆರೆ ಎಳೆದು ಹಾರಿಸಿ ನೋಡದೆ ಆಡಿಸಬೇಡಿ. ಅಭ್ಯಾಸದ ಮೊದಲ ಇಪ್ಪತ್ತು ನಿಮಿಷ ಇಳಿಯುವುದನ್ನು, ಒಂಟಿ ಕಾಲಿನಲ್ಲಿ ನಿಲ್ಲುವುದನ್ನು, ತೊಡೆ ಗಟ್ಟಿ ಮಾಡುವುದನ್ನು ಕಲಿಸಿ. ನಾರ್ವೆಯಲ್ಲಿ ಫುಟ್ಬಾಲ್ ಆಡುವ ಹದಿಹರೆಯದ ಹುಡುಗಿಯರಿಗೆ ಹೀಗೆ ಕಲಿಸಿದಾಗ ಗಾಯಗಳು ಸುಮಾರು ಮೂರನೇ ಒಂದರಷ್ಟು ಇಳಿದವು ಎಂದು 2008ರಲ್ಲೇ ಪ್ರಕಟವಾಗಿದೆ. ಅದಕ್ಕೆ ಯಾವ ಯಂತ್ರವೂ ಬೇಕಾಗಿಲ್ಲ. ಭರ್ತಿಗೆ ಬಂದ ಗಡಿಯ ಹುಡುಗರಿಗಾಗಿ ತಿಂಗಳಿಗೊಂದು ಭಾನುವಾರ ಸಂಘದ ಸಭಾಂಗಣದಲ್ಲಿ ಒಂದು ಮೇಜು, ನಾಲ್ಕು ಚಾಪೆ ಹಾಕಿಕೊಟ್ಟರೆ ಉಚಿತವಾಗಿ ನೋಡಲು ನಾನು ಸಿದ್ಧನಿದ್ದೇನೆ. ನನ್ನ ವೃತ್ತಿಬಾಂಧವರನ್ನೂ ಕರೆತರುತ್ತೇನೆ. ತಾರೀಖು ನೀವು ಹೇಳಿ.